ಶಾಲೆಯೂ ಹೆತ್ತವರೂ

ಬೇಸಿಗೆಯ ರಜೆ ಮುಗಿದು ಶಾಲೆಗಳ ಬಾಗಿಲು ತೆರೆಯುವ ದಿನ ನಮ್ಮ ಊರುಗಳಲ್ಲಿ ಕಾಣುವ ನೋಟ ನಿಮಗೆ ಹೊಸದಲ್ಲ. ಹೊಸ ಚೀಲ, ಹೊಸ ಕೊಡೆ, ಎಣ್ಣೆ ಹಚ್ಚಿ ಬಾಚಿದ ತಲೆ. ಮಗುವಿನ ಕೈ ಹಿಡಿದುಕೊಂಡು ತಂದೆಯೋ ತಾಯಿಯೋ ಶಾಲೆಯ ಗೇಟಿನವರೆಗೆ ಬರುತ್ತಾರೆ. ಅಳುವ ಮಗುವನ್ನು ಒಳಗೆ ಬಿಟ್ಟು, ಅದು ಕಣ್ಮರೆಯಾಗುವ ತನಕ ನಿಂತು ನೋಡಿ, ಮನೆಗೆ ಹಿಂದಿರುಗುತ್ತಾರೆ. ಹೀಗೆ ಹಿಂದಿರುಗಿದವರಲ್ಲಿ ಆ ವರ್ಷ ಮತ್ತೊಮ್ಮೆ ಗೇಟನ್ನು ದಾಟಿ ಒಳಗೆ ಹೋಗಿ, ಉಪಾಧ್ಯಾಯರೊಡನೆ ಕುಳಿತು ಮಾತನಾಡಿದವರು ಎಷ್ಟು ಮಂದಿ? ಲೆಕ್ಕ ಹಾಕುವ ಮುನ್ನ ನಮ್ಮನ್ನು ನಾವೇ ಕೇಳಿಕೊಳ್ಳುವುದು ಒಳ್ಳೆಯದು.

ಮೊದಲು ನನ್ನ ತಪ್ಪನ್ನೇ ಒಪ್ಪಿಕೊಂಡುಬಿಡುತ್ತೇನೆ. ನನ್ನ ಮಗಳು ನಾಲ್ಕನೆಯ ತರಗತಿಯಲ್ಲಿದ್ದಾಗ ಶಾಲೆಯಿಂದ ತರುತ್ತಿದ್ದ ಪ್ರಗತಿಪತ್ರಕ್ಕೆ ನಾನು ರುಜು ಹಾಕಿ ಕೊಡುತ್ತಿದ್ದೆ. ಕಣ್ಣು ಹೋಗುತ್ತಿದ್ದುದು ಅಂಕಗಳ ಕಡೆಗೆ ಮಾತ್ರ. ಅಂಕ ಕಡಿಮೆಯಾದಾಗ ಗದರಿಸುತ್ತಿದ್ದೆ. ವರ್ಷದ ಕೊನೆಯಲ್ಲಿ ಅವಳ ಉಪಾಧ್ಯಾಯಿನಿ ದಾರಿಯಲ್ಲಿ ಸಿಕ್ಕು, “ಮಗುವಿನ ಕಣ್ಣು ತೋರಿಸಿದಿರಾ?” ಎಂದು ಕೇಳಿದರು. ಹಲಗೆಯ ಮೇಲಿನ ಅಕ್ಷರ ಅವಳಿಗೆ ಸರಿಯಾಗಿ ಕಾಣುತ್ತಿಲ್ಲವೆಂದು ಅವರು ಪ್ರಗತಿಪತ್ರದಲ್ಲಿ ಎರಡು ಸಲ ಬರೆದಿದ್ದರಂತೆ. ಮನೆಗೆ ಬಂದು ತೆಗೆದು ನೋಡಿದೆ. ಬರೆದಿತ್ತು. ಅದರ ಕೆಳಗೇ ನನ್ನ ರುಜುವೂ ಇತ್ತು. ಒಂದು ವರ್ಷವಿಡೀ ಆ ಮಗು ಕಾಣದ ಹಲಗೆಯನ್ನು ನೋಡುತ್ತ ಕುಳಿತಿತ್ತು, ಮನೆಯಲ್ಲಿ ಬೈಸಿಕೊಂಡಿತ್ತು.

ಅಂದಿನಿಂದ ನನಗೆ ಒಂದು ವಿಚಾರ ಹಿಡಿಯಿತು. ಶಾಲೆ ಬೇರೆ, ಮನೆ ಬೇರೆ ಎಂಬ ಈ ಗೋಡೆ ಯಾವಾಗ ಎದ್ದಿತು? ಹಿಂದೆಯೂ ಹೀಗೆಯೇ ಇತ್ತೆ? ಹಳೆಯ ವರದಿಗಳಲ್ಲಿ ಇದಕ್ಕೆ ಉತ್ತರವುಂಟು. ಅದರಲ್ಲಿ ನಾವು ಹೆಮ್ಮೆಪಡಬೇಕಾದದ್ದೂ ಇದೆ, ತಲೆ ತಗ್ಗಿಸಬೇಕಾದದ್ದೂ ಇದೆ.

ಮದರಾಸು ಆಧಿಪತ್ಯದ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ 1822ರಲ್ಲಿ ತನ್ನ ಕೈಕೆಳಗಿನ ಕಲೆಕ್ಟರುಗಳಿಗೆಲ್ಲ ಒಂದು ಅಪ್ಪಣೆ ಮಾಡಿದ. ನಿಮ್ಮ ನಿಮ್ಮ ಜಿಲ್ಲೆಗಳಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಿದ್ದಾರೆ, ಏನು ಓದುತ್ತಿದ್ದಾರೆ, ವರದಿ ಕಳಿಸಿ ಎಂದು. ಬಳ್ಳಾರಿಯ ಕಲೆಕ್ಟರ್ ಏ. ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ಕಳಿಸಿದ ಉತ್ತರ ಇವುಗಳಲ್ಲೆಲ್ಲ ವಿವರವಾದದ್ದು. ಈತ ದೇಶಭಾಷೆ ಬಲ್ಲವನು. ತೆಲುಗಿಗೆ ವ್ಯಾಕರಣ ಬರೆದವನು. ಆಗಿನ ಬಳ್ಳಾರಿ ಜಿಲ್ಲೆಯಲ್ಲಿ ಇಂದಿನ ಅನಂತಪುರದ ಪ್ರದೇಶವೂ ಸೇರಿತ್ತು. ಜನಸಂಖ್ಯೆ 9,27,857, ಶಾಲೆಗಳು 533, ಓದುವ ಮಕ್ಕಳು 6,641. ಕನ್ನಡ ಕಲಿಸುವ ಶಾಲೆಗಳು 235, ತೆಲುಗು ಕಲಿಸುವವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು ನಾಲ್ಕು. ಇಂಗ್ಲಿಷ್ ಕಲಿಸುವ ಶಾಲೆ ಒಂದೇ ಒಂದು. ಬ್ರಾಹ್ಮಣರು ಶಾಸ್ತ್ರಪಾಠ ಮಾಡುತ್ತಿದ್ದ ಸ್ಥಳಗಳು 23.

ಇವುಗಳಲ್ಲಿ ಒಂದನ್ನೂ ಸರ್ಕಾರ ಕಟ್ಟಿರಲಿಲ್ಲ. ನಮ್ಮ ಹಿರಿಯರು ಕೂಲಿಮಠ ಎಂದು ಕರೆಯುತ್ತಿದ್ದ ಬಗೆಯ ಶಾಲೆಗಳು ಇವು. ಗುಡಿಯ ಪೌಳಿ, ಊರ ಚಾವಡಿ, ಯಾರದೋ ಮನೆಯ ಜಗಲಿ, ಇವೇ ಕಟ್ಟಡ. ಮಕ್ಕಳ ತಂದೆತಾಯಿಗಳು ಕೊಡುವ ದುಡ್ಡು, ಕಾಳು, ಹಬ್ಬದ ಕಾಣಿಕೆ, ಇವೇ ಐಗಳ ಸಂಬಳ. ಕೂಲಿಮಠವೆಂಬ ಹೆಸರೇ ಇದನ್ನು ಹೇಳುತ್ತದೆ.

ಮಗುವಿನ ವಿದ್ಯೆ ಎಲ್ಲಿ ಪ್ರಾರಂಭವಾಗುತ್ತಿತ್ತೆಂಬುದನ್ನು ಕ್ಯಾಂಬೆಲ್ ಬಣ್ಣಿಸಿದ್ದಾನೆ. ಮಗುವಿಗೆ ಐದು ವರ್ಷ ತುಂಬಿದಾಗ ಶಾಲೆಯ ಗುರುವನ್ನೂ ಅಲ್ಲಿ ಓದುವ ಮಕ್ಕಳನ್ನೂ ಹೆತ್ತವರು ತಮ್ಮ ಮನೆಗೆ ಕರೆಯುತ್ತಿದ್ದರು. ಎಲ್ಲರೂ ಗಣಪತಿಯ ಸುತ್ತ ಕೂರುವರು. ಹೊಸ ಮಗು ದೇವರಿಗೆ ಎದುರಾಗಿ, ಗುರು ಅದರ ಪಕ್ಕದಲ್ಲಿ. ಧೂಪ ನೈವೇದ್ಯಗಳಾದ ಮೇಲೆ ಬುದ್ಧಿ ಕೊಡೆಂದು ಮಗುವಿನಿಂದ ಪ್ರಾರ್ಥನೆ ಮಾಡಿಸಿ, ಅದರ ಬೆರಳು ಹಿಡಿದು ಅಕ್ಕಿಯ ಮೇಲೆ ದೇವರ ಹೆಸರನ್ನು ಬರೆಸುವರು. ಮನೆಯವರು ಶಕ್ತ್ಯನುಸಾರ ಕಾಣಿಕೆ ಕೊಟ್ಟು ಗುರುವನ್ನು ಕಳಿಸಿಕೊಡುವರು. ಮಗು ಶಾಲೆಗೆ ಹೋಗುವುದು ಮಾರನೆಯ ಬೆಳಗ್ಗೆ.

ಇದರ ಅರ್ಥವನ್ನು ಗಮನಿಸಿ. ಮಗು ಶಾಲೆಗೆ ಹೋಗುವ ಮೊದಲು ಶಾಲೆಯೇ ಮಗುವಿನ ಮನೆಗೆ ಬರುತ್ತಿತ್ತು. ಮಗುವಿನ ಮನೆ ಹೇಗಿದೆ, ತಂದೆ ಯಾರು, ತಾಯಿ ಯಾರು ಎಂಬುದು ಗುರುವಿಗೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಗುರುವಿನ ಮುಖ ಮಗುವಿಗೂ ತನ್ನ ಮನೆಯ ನಡುಮನೆಯಲ್ಲಿ ಕಂಡ ಮುಖವೇ ಆಗಿರುತ್ತಿತ್ತು. ನಾವು ಇಂದು ಮಾಡುವುದು ಇದರ ತಿರುವುಮುರುವು.

ವರ್ಷಕ್ಕೊಮ್ಮೆ ಇಂಥದೇ ಇನ್ನೊಂದು ಸಂದರ್ಭ ಬರುತ್ತಿತ್ತು. ಮಹಾನವಮಿಯ ದಿನಗಳಲ್ಲಿ ಕೂಲಿಮಠದ ಹುಡುಗರು ಸಿಂಗಾರಗೊಂಡು, ಕೈಯಲ್ಲಿ ಕೋಲು ಹಿಡಿದು, ಐಗಳ ಜೊತೆಗೆ ಮನೆಮನೆಗೆ ಹೋಗಿ ಚೌಪದಗಳನ್ನು ಹಾಡುತ್ತಿದ್ದರು. ಮಕ್ಕಳು ಏನು ಕಲಿತರೆಂಬುದನ್ನು ಊರೆಲ್ಲ ತನ್ನ ಬಾಗಿಲಲ್ಲೇ ನಿಂತು ಕೇಳುತ್ತಿತ್ತು. ಕೇಳಿ ಮೆಚ್ಚಿದವರು ಐಗಳಿಗೆ ಕಾಣಿಕೆ ಕೊಡುತ್ತಿದ್ದರು. ನಮ್ಮ ಶಾಲಾ ವಾರ್ಷಿಕೋತ್ಸವವೂ ಪೋಷಕರ ಸಭೆಯೂ ಒಂದೇ ಹಾಡಿನಲ್ಲಿ ಸೇರಿಹೋದಂತೆ ಇದು.

ಪಟ್ಟಣಗಳಲ್ಲಿ ಮನೆಯಲ್ಲೇ ಕಲಿಯುವ ಮಕ್ಕಳೂ ಬಹಳವಿದ್ದರು. ಮದರಾಸು ನಗರದಲ್ಲಿ ಶಾಲೆಗಳಲ್ಲಿ ಓದುವವರಿಗಿಂತ ಸುಮಾರು ಐದು ಪಟ್ಟು ಮಕ್ಕಳು ಮನೆಗಳಲ್ಲಿ ಪಾಠ ಕಲಿಯುತ್ತಿದ್ದಾರೆಂಬ ಲೆಕ್ಕ ಮನ್ರೋನ ಕೈಗೆ ಬಂತು. ಆ ಅಂಕೆಯಲ್ಲಿ ಏನೋ ತಪ್ಪಿರಬೇಕೆಂದು ಅವನಿಗೇ ಅನುಮಾನ. ಆದರೂ ಮನೆಗಳಲ್ಲಿ, ಹೆತ್ತವರಿಂದಲೂ ಬಂಧುಗಳಿಂದಲೂ, ಕಲಿಯುವವರು ಎಲ್ಲೆಡೆಯೂ ಗಣನೀಯವಾಗಿದ್ದಾರೆಂದು ಅವನು 1826ರಲ್ಲಿ ಬರೆದ.

ಇಷ್ಟು ಕೇಳಿ ನೀವು “ಆಹಾ, ಆ ಕಾಲವೇ ಕಾಲ” ಎಂದು ನಿಟ್ಟುಸಿರು ಬಿಟ್ಟೀರಿ. ತಾಳಿ, ಅದೇ ವರದಿಯನ್ನು ಇನ್ನಷ್ಟು ಓದೋಣ. 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು ಎಷ್ಟು? ಅರವತ್ತು. ಸಾವಿರ ಜನಕ್ಕೆ ಸುಮಾರು ಏಳು ಮಂದಿ ಮಾತ್ರ ಶಾಲೆಯಲ್ಲಿದ್ದರು. ಹಿಂದೆ ಶಾಲೆಯಿದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲ, ದೊಡ್ಡ ಶಾಲೆಗಳಿದ್ದ ಕಡೆ ಅನುಕೂಲವಂತರ ನಾಲ್ಕಾರು ಮಕ್ಕಳು ಮಾತ್ರ ಉಳಿದಿದ್ದಾರೆ ಎಂದು ಕ್ಯಾಂಬೆಲ್ ಬರೆಯುತ್ತಾನೆ. ಕಾರಣವನ್ನೂ ಅವನು ಮುಚ್ಚಿಡಲಿಲ್ಲ. ನಾಡು ಬಡವಾಗುತ್ತಿತ್ತು. ಯೂರೋಪಿನ ಬಟ್ಟೆ ಬಂದು ಇಲ್ಲಿನ ನೇಕಾರರ ಮಗ್ಗ ನಿಂತಿತ್ತು. ಕೆಳಗಿನ ಮತ್ತು ನಡುವಣ ವರ್ಗದ ತಂದೆತಾಯಿಗಳಿಗೆ ಐಗಳಿಗೆ ಕೊಡಲು ಕೈಯಲ್ಲಿ ಕಾಸಿರಲಿಲ್ಲ. ಮಗುವಿನ ಎಳೆಯ ಕೈಕಾಲು ಸ್ವಲ್ಪ ಬಲಿತೊಡನೆ ಅದರ ದುಡಿಮೆಯೂ ಮನೆಗೆ ಬೇಕಾಗಿತ್ತು.

ಮಗುವನ್ನು ಶಾಲೆ ಬಿಡಿಸಿದ ತಂದೆಯನ್ನು ಬೈಯುವುದು ಸುಲಭ. ಆದರೆ ಇನ್ನೂರು ವರ್ಷಗಳ ಹಿಂದೆ ಒಬ್ಬ ಪರದೇಶದ ಅಧಿಕಾರಿಯೇ ಅದು ಅಸಡ್ಡೆಯಲ್ಲ, ಹಸಿವು ಎಂದು ಗುರುತಿಸಿದ್ದ. ಹೆತ್ತವರ ಹೆಗಲ ಮೇಲೆ ಮಾತ್ರ ನಿಂತ ಶಾಲೆ, ಆ ಹೆಗಲು ಕುಸಿದಾಗ ಕುಸಿಯಿತು.

ಆ ಹೊರೆಯನ್ನು ಮುಂದೆ ಸರ್ಕಾರ ಹೊತ್ತುಕೊಳ್ಳಲಾರಂಭಿಸಿತು. ಮೈಸೂರು ಸೀಮೆಯಲ್ಲಿ 1857ರಲ್ಲಿ ವಿದ್ಯಾ ಇಲಾಖೆ ಹುಟ್ಟಿತು. ಶಾಸನಗಳ ಸಂಗ್ರಹದಿಂದ ನಮಗೆಲ್ಲ ಪರಿಚಿತನಾದ ಬಿ. ಎಲ್. ರೈಸ್ 1868ರಲ್ಲಿ ಹೋಬಳಿಗೊಂದು ಶಾಲೆ ಎಂಬ ಯೋಜನೆಯನ್ನು ತಂದ. ಉಪಾಧ್ಯಾಯರ ಸಂಬಳ ಸರ್ಕಾರದ್ದು, ಶಾಲೆಗೆ ಮನೆಯನ್ನು ಊರವರು ಒದಗಿಸಬೇಕು. ಧಾರವಾಡದ ಕಡೆ ಡೆಪ್ಯುಟಿ ಚನ್ನಬಸಪ್ಪನವರು ಮರಾಠಿಯ ಪ್ರಾಬಲ್ಯದ ನಡುವೆ ಕನ್ನಡ ಶಾಲೆಗಳಿಗಾಗಿ ದುಡಿದದ್ದೂ ಈ ಕಾಲದಲ್ಲೇ.

ಸರ್ಕಾರದ ಶಾಲೆ ಬಂದದ್ದರಿಂದ ಆದ ಮುಖ್ಯ ಲಾಭ ಯಾವುದೆಂಬುದನ್ನು ಧಾರವಾಡದ ಒಂದು ಘಟನೆ ತಿಳಿಸುತ್ತದೆ. 1856ರ ಜೂನ್ ತಿಂಗಳಲ್ಲಿ, ಅಸ್ಪೃಶ್ಯರೆಂದು ದೂರವಿಟ್ಟಿದ್ದ ಮಹಾರ್ ಸಮುದಾಯದ ಒಬ್ಬ ಹುಡುಗ ತನ್ನನ್ನು ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಮುಂಬಯಿ ಸರ್ಕಾರಕ್ಕೆ ಅರ್ಜಿ ಕೊಟ್ಟ. ನ್ಯಾಯ ಅವನ ಕಡೆಗಿದೆ ಎಂಬುದನ್ನು ಸರ್ಕಾರವೂ ಅಲ್ಲಗಳೆಯಲಿಲ್ಲ. ಆದರೆ ಒಬ್ಬ ಹುಡುಗನಿಗಾಗಿ ಶಾಲೆಯ ಬಾಗಿಲು ತೆರೆದರೆ ಉಳಿದವರು ಶಾಲೆಯನ್ನೇ ತೊರೆದಾರು ಎಂದು ಹೆದರಿ, ಅರ್ಜಿಯನ್ನು ತಳ್ಳಿಹಾಕಿತು. ವಿಷಯ ಲಂಡನ್ನಿಗೆ ಹೋಯಿತು. ಸರ್ಕಾರದ ವಿದ್ಯಾಸಂಸ್ಥೆಗಳು ಎಲ್ಲ ವರ್ಗದವರಿಗೂ ತೆರೆದಿರತಕ್ಕವು ಎಂದು ಕಂಪನಿಯ ನಿರ್ದೇಶಕರು 1858ರಲ್ಲಿ ಸಾರಿದರು. ಸಾರಿದ ಮಾತು ನಡೆಯಲ್ಲಿ ಬರಲು ಹಲವು ದಶಕಗಳು ಹಿಡಿದವು, ಅದು ಬೇರೆ ಮಾತು.

ಯೋಚಿಸಿ ನೋಡಿ, ಅಂದು ಸರ್ಕಾರ ಹೆದರಿದ್ದು ಯಾರಿಗೆ? ಬೇರೆ ಮಕ್ಕಳ ಹೆತ್ತವರಿಗೆ! ಶಾಲೆಯ ಬಾಗಿಲನ್ನು ಹೆತ್ತವರ ಕೈ ತೆರೆದದ್ದೂ ಉಂಟು, ಮುಚ್ಚಿದ್ದೂ ಉಂಟು. ತನ್ನ ಮಗುವಿನ ಮೇಲಿನ ಮಮತೆ ಪಕ್ಕದ ಮಗುವಿನ ಮೇಲಿನ ದ್ವೇಷವಾಗಿ ತಿರುಗಿದರೆ ಅದರಿಂದ ಶಾಲೆಗೆ ಕೇಡೇ ಹೊರತು ಒಳಿತಿಲ್ಲ. ತಂದೆತಾಯಿಗಳು ಶಾಲೆಯಲ್ಲಿ ಆಸಕ್ತಿ ವಹಿಸಬೇಕು ಎನ್ನುವಾಗ ಈ ಎಚ್ಚರ ನಮಗಿರಬೇಕು.

ಹೆತ್ತವರ ಮನಸ್ಸನ್ನು ಗೆದ್ದು ಬಾಗಿಲು ತೆರೆದ ಉದಾಹರಣೆಯೂ ನಮ್ಮಲ್ಲಿದೆ. ಮೈಸೂರಿನಲ್ಲಿ 1881ರಲ್ಲಿ ಅಂಬಳೆ ನರಸಿಂಹಯ್ಯಂಗಾರ್ಯರು ಹೆಣ್ಣುಮಕ್ಕಳ ಶಾಲೆಯೊಂದನ್ನು ಆರಂಭಿಸಿದರು. ಮುಂದೆ ಮಹಾರಾಣಿಯವರ ಹೆಸರಿನಲ್ಲಿ ಬೆಳೆದು ಕಾಲೇಜಾದದ್ದು ಇದೇ. ಹೆಣ್ಣು ಓದಿದರೆ ಮನೆ ಕೆಟ್ಟೀತೆಂದು ನಂಬಿದ್ದ ಕಾಲವದು. ಮನೆಯವರು ಮೆಚ್ಚುವ ಸಂಗೀತ, ಸಂಸ್ಕೃತಗಳನ್ನೂ ಪಾಠದಲ್ಲಿ ಸೇರಿಸಿ, ಅವರ ಭಯವನ್ನು ಹಂತಹಂತವಾಗಿ ಕಳೆಯಬೇಕಾಯಿತು. ಅರವತ್ತು ವರ್ಷಗಳ ಹಿಂದೆ ಬಳ್ಳಾರಿಯಂಥ ಜಿಲ್ಲೆಯಲ್ಲಿ ಅರವತ್ತೇ ಹುಡುಗಿಯರು ಓದುತ್ತಿದ್ದುದನ್ನು ನೆನೆದರೆ ಈ ಕೆಲಸ ಎಷ್ಟು ಕಠಿಣವಾಗಿತ್ತೆಂದು ತಿಳಿದೀತು.

ತನ್ನದಲ್ಲದ ಮಗುವಿಗೆ ತಾಯಿಯಾದ ಮನೆಗಳನ್ನೂ ಇಲ್ಲಿ ಸ್ಮರಿಸಬೇಕು. ಹಳ್ಳಿಯಿಂದ ಪೇಟೆಗೆ ಓದಲು ಬಂದ ಬಡ ಹುಡುಗ ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ವಾರಾನ್ನ ಮಾಡಿಕೊಂಡು ಪರೀಕ್ಷೆ ಮುಗಿಸುತ್ತಿದ್ದ. ಆ ಅನ್ನಕ್ಕೂ ಜಾತಿಯ ಬೇಲಿಯಿತ್ತು, ನಿಜ. ಆ ಬೇಲಿಯನ್ನು ದಾಟಿದ ಉಚಿತ ವಿದ್ಯಾರ್ಥಿನಿಲಯಗಳು ಆಮೇಲೆ ಬಂದವು. ಆದರೂ ಒಂದು ಮಗುವಿನ ಓದಿಗೆ ಏಳು ಮನೆಯ ಒಲೆ ಉರಿಯುತ್ತಿತ್ತು ಎಂಬುದು ಸಣ್ಣ ಸಂಗತಿಯಲ್ಲ.

ಇಪ್ಪತ್ತನೆಯ ಶತಮಾನ ಬಂತು. ಗೋಪಾಲಕೃಷ್ಣ ಗೋಖಲೆಯವರು ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡುವ ಮಸೂದೆಯೊಂದನ್ನು 1911ರಲ್ಲಿ ವೈಸರಾಯರ ಶಾಸನಸಭೆಯ ಮುಂದಿಟ್ಟರು. ಮಗುವನ್ನು ಶಾಲೆಗೆ ಕಳಿಸದ ತಂದೆಗೆ ದಂಡ ಹಾಕಬಹುದೆಂದು ಅದರಲ್ಲಿತ್ತು. 1912ರಲ್ಲಿ ಆ ಮಸೂದೆ ಬಿದ್ದುಹೋಯಿತು. ಆದರೆ ಮೈಸೂರು ಸಂಸ್ಥಾನ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲೇ ಪ್ರಾಥಮಿಕ ಶಿಕ್ಷಣದ ಕಾಯಿದೆಯನ್ನು ಮಾಡಿ, ಆಯ್ದ ಕೆಲವು ಕಡೆಗಳಲ್ಲಿ ಶಿಕ್ಷಣವನ್ನು ಕಡ್ಡಾಯಗೊಳಿಸತೊಡಗಿತು. ಕೂಲಿಮಠದ ಕಾಲದಲ್ಲಿ ತಂದೆ ಶಾಲೆಗೆ ಹಣ ಕೊಡುವವನಾಗಿದ್ದ. ಕಡ್ಡಾಯದ ಕಾಲದಲ್ಲಿ ಅವನು ತಪ್ಪು ಮಾಡಿಯಾನೆಂಬ ಶಂಕೆಗೆ ಗುರಿಯಾದವನಾದ. ಶಾಲೆಯನ್ನು ನಡೆಸುವವರು ಇಲಾಖೆಯವರು, ನೋಡಿಕೊಳ್ಳುವವರು ಇನ್‌ಸ್ಪೆಕ್ಟರರು. ಹೆತ್ತವರ ಪಾಲಿಗೆ ಉಳಿದದ್ದು ಮಗುವನ್ನು ಗೇಟಿನವರೆಗೆ ತಂದುಬಿಡುವ ಕೆಲಸ. “ಅದು ಸರ್ಕಾರದ ಶಾಲೆ” ಎಂಬ ಮಾತು ಹುಟ್ಟಿತು. “ನಮ್ಮ ಶಾಲೆ” ಎಂಬ ಮಾತು ಮರೆಯಿತು. ನಾನು ಕೇಳಿದ ಗೋಡೆ ಎದ್ದದ್ದು ಹೀಗೆ. ಇದನ್ನು ಯಾರೂ ಬೇಕೆಂದು ಕಟ್ಟಲಿಲ್ಲ. ಹೆತ್ತವರ ಹೊರೆಯನ್ನು ಇಳಿಸಹೋದಾಗ ಅದರ ಜೊತೆಗೆ ಸಂಬಂಧವೂ ಇಳಿದುಹೋಯಿತು.

ಇದನ್ನು ಸರಿಪಡಿಸುವ ಪ್ರಯತ್ನ ನಡೆದಿದೆ. ಕರ್ನಾಟಕ ಸರ್ಕಾರ, ವಿಜ್ಞಾನಿ ರಾಜಾರಾಮಣ್ಣನವರ ಅಧ್ಯಕ್ಷತೆಯ ಕಾರ್ಯಪಡೆಯ ಸಲಹೆಯ ಮೇಲೆ, 2001ರಲ್ಲಿ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳನ್ನು ರಚಿಸಿ ಹೆತ್ತವರಿಗೆ ಅಲ್ಲಿ ಸ್ಥಾನ ಕೊಟ್ಟಿತು. 2002ರಲ್ಲಿ ಸಂವಿಧಾನಕ್ಕೆ ಆದ 86ನೆಯ ತಿದ್ದುಪಡಿಯು, ಆರರಿಂದ ಹದಿನಾಲ್ಕು ವರ್ಷದ ಮಗುವಿಗೆ ಶಿಕ್ಷಣದ ಅವಕಾಶ ಒದಗಿಸುವುದು ತಂದೆತಾಯಿಗಳ ಮೂಲಭೂತ ಕರ್ತವ್ಯವೆಂದು ಬರೆಯಿತು. 2009ರಲ್ಲಿ ಪಾರ್ಲಿಮೆಂಟು ಮಾಡಿದ ಶಿಕ್ಷಣ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಶಾಲೆಯ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಹೆತ್ತವರೋ ಪೋಷಕರೋ ಆಗಿರಬೇಕು, ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗದ ಮಕ್ಕಳ ಹೆತ್ತವರಿಗೆ ತಕ್ಕ ಪ್ರಾತಿನಿಧ್ಯವಿರಬೇಕು ಎಂದು ಅದು ವಿಧಿಸಿತು. ಧಾರವಾಡದ ಆ ಹುಡುಗನ ಶಾಲೆಯಲ್ಲಿ ಇಂಥ ಸಮಿತಿಯಿದ್ದಿದ್ದರೆ ಅವನ ತಂದೆಯೂ ಅಲ್ಲಿ ಕುರ್ಚಿ ಹಾಕಿಕೊಂಡು ಕೂರಬಹುದಾಗಿತ್ತು!

ಅದೇ ಕಾಯಿದೆಯಲ್ಲಿ ಇನ್ನೊಂದು ಮಾತಿದೆ. ಉಪಾಧ್ಯಾಯರು ಹೆತ್ತವರೊಡನೆ ಕ್ರಮವಾಗಿ ಸಭೆ ಸೇರಿ, ಮಗುವಿನ ಹಾಜರಿ, ಕಲಿಯುವ ಶಕ್ತಿ, ಪ್ರಗತಿ ಇವುಗಳನ್ನು ತಿಳಿಸತಕ್ಕದ್ದು ಎಂದು. ಹೆತ್ತವರಿಗೂ ಮಗುವನ್ನು ಶಾಲೆಗೆ ಸೇರಿಸುವ ಕರ್ತವ್ಯವಿದೆ. ಆದರೆ ತಪ್ಪಿದರೆ ದಂಡವಿಲ್ಲ. ಗೋಖಲೆಯವರ ಕಾಲದಲ್ಲಿ ಅಪರಾಧಿಯಾಗಬಹುದಾಗಿದ್ದ ತಂದೆ ಈಗ ಸಮಿತಿಯ ಸದಸ್ಯ. ನೂರು ವರ್ಷಗಳಲ್ಲಿ ಆದ ಬದಲಾವಣೆ ಇದು.

ಕಾನೂನು ಕುರ್ಚಿಯನ್ನು ಹಾಕಿಕೊಟ್ಟಿದೆ. ಅದರಲ್ಲಿ ಹೋಗಿ ಕೂರುವ ಕೆಲಸ ಕಾನೂನಿನದಲ್ಲ, ನಮ್ಮದು. ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಈ ಸಮಿತಿಯ ನಿಯಮ ಅನ್ವಯಿಸುವುದಿಲ್ಲ. ಪಟ್ಟಣಗಳಲ್ಲಿರುವ ನಮ್ಮಲ್ಲಿ ಅನೇಕರ ಮಕ್ಕಳು ಅಲ್ಲಿಯೇ ಓದುತ್ತಾರೆ. ಹಣ ಕಟ್ಟಿದೆವು, ಇನ್ನು ಕಲಿಸುವುದು ಅವರ ಪಾಡು ಎಂದುಕೊಳ್ಳುತ್ತೇವೆ. ಕೂಲಿಮಠದ ತಂದೆಯೂ ಕೂಲಿ ಕೊಡುತ್ತಿದ್ದ. ಆದರೆ ಅವನು ಕೂಲಿ ಕೊಟ್ಟು ಸುಮ್ಮನಾಗಲಿಲ್ಲ. ಗುರುವನ್ನು ಮನೆಗೆ ಕರೆದು ಮಗುವಿನ ಪಕ್ಕದಲ್ಲಿ ಕೂರಿಸಿದ. ನಾವು ಅವನ ಕೂಲಿಯನ್ನು ಉಳಿಸಿಕೊಂಡು ಅವನ ಕರೆಯನ್ನು ಬಿಟ್ಟೆವು.

ಹಾಗಾದರೆ ಏನು ಮಾಡೋಣ? ದೊಡ್ಡ ಕೆಲಸಗಳೇನೂ ಬೇಡ. ವರ್ಷದ ಮೊದಲ ತಿಂಗಳಲ್ಲೇ, ದೂರು ಹೇಳುವ ಸಂದರ್ಭ ಬರುವುದಕ್ಕೆ ಮುಂಚೆ, ಒಮ್ಮೆ ಹೋಗಿ ಉಪಾಧ್ಯಾಯರ ಪರಿಚಯ ಮಾಡಿಕೊಳ್ಳಿ. ಮಗುವಿಗೆ ಯಾವುದು ಕಷ್ಟ, ಯಾವುದು ಇಷ್ಟ ಎಂಬುದನ್ನು ನೀವೇ ತಿಳಿಸಿ. ಅವರಿಗೆ ನಲವತ್ತು ಮಕ್ಕಳು, ನಿಮಗೆ ಒಂದೋ ಎರಡೋ. ಪ್ರಗತಿಪತ್ರ ಬಂದಾಗ ಅಂಕಕ್ಕಿಂತ ಮೊದಲು ಅದರ ಕೆಳಗೆ ಬರೆದ ಸಾಲನ್ನು ಓದಿ. ನಾನು ಓದದೆ ಹೋದದ್ದು ಆ ಸಾಲನ್ನೇ. ಸಮಿತಿಗೆ ಕರೆದರೆ ಹೋಗಿ. ಹೋದಾಗ ನಿಮ್ಮ ಮಗುವಿನ ಮಾತನ್ನಷ್ಟೇ ಆಡಬೇಡಿ, ಯಾರ ತಂದೆತಾಯಿಗಳು ದಿನಗೂಲಿ ಬಿಟ್ಟು ಬರಲಾರರೋ ಅವರ ಮಗುವಿನ ಮಾತನ್ನೂ ಆಡಿ.

“ನಮಗೆ ಓದು ಬಾರದು, ನಾವೇನು ನೋಡಿಯೇವು?” ಎಂದು ಹಿಂಜರಿಯುವ ತಾಯಂದಿರುಂಟು. ಅವರಿಗೆ ಕ್ಯಾಂಬೆಲ್ಲನ ವರದಿಯಿಂದಲೇ ಒಂದು ಮಾತನ್ನು ಹೇಳಿ ಮುಗಿಸುತ್ತೇನೆ. ಅಂದಿನ ಶಾಲೆ ಬೆಳಗ್ಗೆ ಆರು ಗಂಟೆಗೆ ಆರಂಭವಾಗುತ್ತಿತ್ತು. ಎಲ್ಲರಿಗಿಂತ ಮೊದಲು ಬಂದ ಹುಡುಗನ ಅಂಗೈಯಲ್ಲಿ ಗುರು ಸರಸ್ವತಿಯ ಹೆಸರನ್ನು ಬರೆಯುತ್ತಿದ್ದ, ಅದು ಗೌರವ. ಎರಡನೆಯವನ ಕೈಯಲ್ಲಿ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಂತೆಲ್ಲ ಏಟು ಏರುತ್ತಿತ್ತು. ಆ ಏಟುಗಳ ಕಾಲ ಹೋಯಿತು, ಒಳ್ಳೆಯದೇ ಆಯಿತು. ಆದರೆ ಆ ಮೊದಲ ಹುಡುಗನನ್ನು ಯೋಚಿಸಿ. ಕತ್ತಲಿರುವಾಗಲೇ ಅವನನ್ನು ಎಬ್ಬಿಸಿದವರು ಯಾರು? ಮುಖ ತೊಳೆಸಿ, ಹೊಟ್ಟೆಗೆ ಒಂದಿಷ್ಟು ಕೊಟ್ಟು, ಬಾಗಿಲವರೆಗೆ ಬಂದು ಕಳಿಸಿದವರು ಯಾರು? ಬಹುಪಾಲು ಒಂದಕ್ಷರವೂ ಬಾರದ ತಾಯಿ. ಅಂಗೈಯ ಮೇಲೆ ಸರಸ್ವತಿಯನ್ನು ಬರೆದದ್ದು ಗುರುವೇ ಇರಬಹುದು. ಬರೆಯುವುದಕ್ಕೆ ಆ ಅಂಗೈಯನ್ನು ಕಳಿಸಿಕೊಟ್ಟವಳು ಅವಳು.

ಇವತ್ತು ಸಂಜೆ ನಿಮ್ಮ ಮನೆಯ ಮಗು ಶಾಲೆಯಿಂದ ಬಂದಾಗ ಕಾಲು ಗಂಟೆ ಹೊತ್ತು ಅದರ ಪಕ್ಕದಲ್ಲಿ ಕುಳಿತುಕೊಳ್ಳಿ. ಇಂದು ಏನಾಯಿತು, ಪಕ್ಕದಲ್ಲಿ ಯಾರು ಕೂತಿದ್ದರು, ಯಾವುದು ಅರ್ಥವಾಗಲಿಲ್ಲ ಎಂದು ಕೇಳಿ. ಆ ಹೊತ್ತಿನಲ್ಲಿ ರೇಡಿಯೋ ಹಾಡುತ್ತಿದ್ದರೆ ಸ್ವಲ್ಪ ನಿಲ್ಲಿಸಿ. ನಾವು ಬೇಸರಪಟ್ಟುಕೊಳ್ಳುವುದಿಲ್ಲ.